ಹಳೇ ಬಾಕ್ಸಿಂಗ್ ದಿಗ್ಗಜರು ಇವತ್ತಿನ ಮಾರ್ಕೆಟ್‌ನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? ಮುಹಮ್ಮದ್ ಅಲಿ ಬಿಟ್ಟು ಬೇರೆಯವರ ಬಗ್ಗೆ ಹೇಳಿ

ರಿಂಗ್‌ಸೈಡ್ ಸೀಟು

ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ, ಇಲ್ಲಿ ಕೇಳಿಬಿಡುತ್ತೇನೆ.

2024ರ ನವೆಂಬರ್‌ನಲ್ಲಿ ಮಾಜಿ ಹೆವಿವೇಟ್ ಚಾಂಪಿಯನ್ ಮೈಕ್ ಟೈಸನ್ ಮತ್ತು ಯೂಟ್ಯೂಬ್‌ನಿಂದ ಬಂದ ಜೇಕ್ ಪಾಲ್ ಫೈಟ್ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಟೈಸನ್‌ಗೆ 58 ವರ್ಷ. ಎಂಟು ರೌಂಡ್, ಒಂದೊಂದು ರೌಂಡ್ ಎರಡೇ ನಿಮಿಷ. ಮೊದಲ ಒಂದೆರಡು ರೌಂಡ್ ಆದಮೇಲೆ ಟೈಸನ್ ಕಾಲೇ ಬರಲಿಲ್ಲ. ಆದರೂ 6 ಕೋಟಿ ಮನೆಗಳಲ್ಲಿ ಜನ ಲೈವ್ ನೋಡಿದರು ಅಂತ ನೆಟ್‌ಫ್ಲಿಕ್ಸ್ ಹೇಳಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ನೆಟ್‌ಫ್ಲಿಕ್ಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ಕನೆಲೊ ಆಲ್ವಾರೆಜ್ ಎದುರುಬದುರಾದರು. ನಮ್ಮ ಕಾಲದ ಇಬ್ಬರು ದೊಡ್ಡ ಬಾಕ್ಸರ್‌ಗಳು, ಕ್ರಾಫರ್ಡ್ ಅಂತೂ ಎರಡು ತೂಕ ಮೇಲೆ ಹತ್ತಿ ಬಂದು ಗೆದ್ದ. ನೋಡಿದವರು 4 ಕೋಟಿ ಚಿಲ್ಲರೆ. ಎರಡಕ್ಕೂ ಲೆಕ್ಕ ಹಾಕುವ ರೀತಿ ಬೇರೆ ಬೇರೆ, ಒಂದು ಮನೆ ಲೆಕ್ಕ, ಇನ್ನೊಂದು ತಲೆ ಲೆಕ್ಕ. ಆದರೂ ಯಾವುದಕ್ಕೆ ಜಾಸ್ತಿ ಜನ ಬಂದರು ಅನ್ನುವುದರಲ್ಲಿ ಅನುಮಾನ ಇಲ್ಲ, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಜೋ ಲೂಯಿಸ್, ಶುಗರ್ ರೇ ರಾಬಿನ್ಸನ್, ಸನ್ನಿ ಲಿಸ್ಟನ್, ಲ್ಯಾರಿ ಹೋಮ್ಸ್, ಮಾರ್ವಿನ್ ಹ್ಯಾಗ್ಲರ್, ಇವರೆಲ್ಲ ಈಗ ಇಪ್ಪತ್ತೈದರ ಹುಡುಗರಾಗಿ ಬಂದರೆ ಅವರ ಗತಿ ಏನು? ಈ ಪ್ರಶ್ನೆ ಎತ್ತಿದರೆ ಎಲ್ಲರೂ "ಅಲಿ ಇದ್ದಿದ್ದರೆ ಇಂಟರ್ನೆಟ್ ಒಡೆದುಹೋಗುತ್ತಿತ್ತು" ಅಂತ ಹೇಳಿ ಮುಗಿಸುತ್ತಾರೆ. ಅಲಿಯನ್ನ ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ. ನನಗೆ ಚಿಂತೆ ಇರುವುದು ಮಾತಾಡದವರ ಬಗ್ಗೆ. ಬಾಯಿ ಬಿಡದೆ, ತಮ್ಮ ಪಾಡಿಗೆ ಜಿಮ್‌ಗೆ ಹೋಗಿ, ಬಂದವನನ್ನ ಹೊಡೆದು ಮನೆಗೆ ಹೋಗುತ್ತಿದ್ದರಲ್ಲ, ಅಂಥವರನ್ನ ಇವತ್ತು ಯಾರಾದರೂ ಕಣ್ಣೆತ್ತಿ ನೋಡುತ್ತಾರಾ?

ಸೌತ್‌ಪಾ ಶಂಕ್ರ

ನೀವು ಹ್ಯಾಗ್ಲರ್ ಹೆಸರು ತೆಗೆದಿರಿ, ಸುಮ್ನೆ ಇರೋಕೆ ಆಗಲಿಲ್ಲ. ನನ್ನ ಪ್ರಕಾರ ಹ್ಯಾಗ್ಲರ್ ಇವತ್ತು ಆಗಿಗಿಂತ ದೊಡ್ಡ ಸ್ಟಾರ್ ಆಗುತ್ತಿದ್ದ.

ಅವನ ಕಾಲದ ಮಾಧ್ಯಮವೇ ಅವನಿಗೆ ಅನ್ಯಾಯ ಮಾಡಿದ್ದು. ಟಿವಿಯವರು "ಮಾರ್ವೆಲಸ್" ಅಂತ ಕರೆಯೋಕೆ ಒಪ್ಪಲಿಲ್ಲ ಅಂತ 1982ರಲ್ಲಿ ಕೋರ್ಟಿಗೆ ಹೋಗಿ ತನ್ನ ಹೆಸರನ್ನೇ ಮಾರ್ವೆಲಸ್ ಮಾರ್ವಿನ್ ಹ್ಯಾಗ್ಲರ್ ಅಂತ ಬದಲಾಯಿಸಿಕೊಂಡ. ಹೆಸರು ಹೇಳಿಸಿಕೊಳ್ಳೋಕೇ ಅಷ್ಟು ಒದ್ದಾಡಬೇಕಾಯಿತು ನೋಡಿ. ಮೊದಲ ಪ್ರೊ ಫೈಟ್‌ಗೆ ಅವನಿಗೆ ಸಿಕ್ಕಿದ್ದು 50 ಡಾಲರ್. ಅದೇ ಶುಗರ್ ರೇ ಲೆನಾರ್ಡ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಮುದ್ದು ಮುಖ ಟಿವಿಯಲ್ಲಿ ಮನೆಮನೆಗೂ ಪರಿಚಯ ಆಗಿದ್ದರಿಂದ ಮೊದಲ ಪ್ರೊ ಫೈಟ್‌ಗೇ ಸುಮಾರು 40 ಸಾವಿರ ಡಾಲರ್ ತೆಗೆದುಕೊಂಡ. ಇಬ್ಬರಲ್ಲಿ ಪ್ರತಿಭೆಯ ವ್ಯತ್ಯಾಸ ಅಷ್ಟಿತ್ತಾ? ಖಂಡಿತ ಇಲ್ಲ. ಕ್ಯಾಮೆರಾ ಯಾರ ಕಡೆ ತಿರುಗಿತ್ತು ಅನ್ನುವುದಷ್ಟೇ.

ಹ್ಯಾಗ್ಲರ್‌ಗೆ ಟೈಟಲ್ ಸಿಕ್ಕಿದ್ದು 1980ರಲ್ಲಿ, ಲಂಡನ್‌ನಲ್ಲಿ ಅಲನ್ ಮಿಂಟರ್‌ನನ್ನು ಹೊಡೆದು. ಗೆದ್ದ ಕೂಡಲೇ ಜನ ರಿಂಗ್ ಮೇಲೆ ಬಾಟಲಿ ಎಸೆದರು, ಬೆಲ್ಟ್ ಕಟ್ಟಿಕೊಂಡು ಸಂಭ್ರಮಿಸುವ ಕ್ಷಣವೂ ಅವನಿಗೆ ಸಿಗಲಿಲ್ಲ. ಆಮೇಲೆ 12 ಸಲ ಟೈಟಲ್ ಉಳಿಸಿಕೊಂಡ.

ಈಗ 1985ರ ಏಪ್ರಿಲ್ 15ರಂದು ಥಾಮಸ್ ಹರ್ನ್ಸ್ ಜೊತೆ ಆದ ಫೈಟ್ ತೆಗೆದುಕೊಳ್ಳಿ. ಒಟ್ಟು ಎಂಟು ನಿಮಿಷ ಹೊಡೆದಾಟ. ಮೊದಲ ಮೂರು ನಿಮಿಷದಲ್ಲಿ ಇಬ್ಬರೂ ಒಂದು ಕ್ಷಣವೂ ಹಿಂದೆ ಸರಿಯಲಿಲ್ಲ, ಹರ್ನ್ಸ್ ಕೈ ಮುರಿಯಿತು, ಹ್ಯಾಗ್ಲರ್ ಹಣೆ ಒಡೆದು ರಕ್ತ ಸುರಿಯಿತು. ಇವತ್ತಿಗೂ ವಾರಕ್ಕೊಂದು ಸಲ ಯಾರಾದರೂ ಆ ಕ್ಲಿಪ್ ಹಾಕುತ್ತಾರೆ, ಪ್ರತಿ ಸಲವೂ ಅದನ್ನ ಮೊದಲ ಬಾರಿ ನೋಡಿದ ಹುಡುಗರು ಬಾಯಿ ಬಿಟ್ಟುಕೊಂಡು ಕಾಮೆಂಟ್ ಮಾಡುತ್ತಾರೆ. ಮೊಬೈಲ್‌ನಲ್ಲಿ ನೋಡುವುದಕ್ಕೆ ಅಂತಲೇ ಆಡಿದ ಹಾಗಿದೆ ಆ ಫೈಟ್. ಬೋಳು ತಲೆ, ಉರಿಯುವ ಕಣ್ಣು, "ಯುದ್ಧ" ಅಂತ ಬರೆದ ಟೋಪಿ. ಇದಕ್ಕೆ ಮಾತು ಬೇಕಾ ಹೇಳಿ?

ಆದರೆ ಒಂದು ವಿಷಯದಲ್ಲಿ ಲೆನಾರ್ಡ್ ಆಗಲೇ ಇವತ್ತಿನವನಾಗಿದ್ದ ಅಂತ ಒಪ್ಪಿಕೊಳ್ಳಲೇಬೇಕು. ಯಾವ ಪ್ರಮೋಟರ್ ಕೈಗೂ ಬರೆದುಕೊಡದೆ, ಲಾಯರ್ ಇಟ್ಟುಕೊಂಡು, ತನ್ನ ಹೆಸರಲ್ಲೇ ಕಂಪನಿ ಮಾಡಿಕೊಂಡಿದ್ದ. ಹ್ಯಾಗ್ಲರ್ ಜೊತೆಗಿನ 1987ರ ಫೈಟ್‌ಗೆ ಮಾತುಕತೆ ಆಡುವಾಗ ದುಡ್ಡಿನ ಗ್ಯಾರಂಟಿ ಹ್ಯಾಗ್ಲರ್‌ಗೇ ಜಾಸ್ತಿ ಇರಲಿ ಅಂತ ಬಿಟ್ಟುಕೊಟ್ಟ. ಬದಲಿಗೆ ದೊಡ್ಡ ರಿಂಗ್ ಕೇಳಿದ, 15ರ ಬದಲು 12 ರೌಂಡ್ ಕೇಳಿದ, ದಪ್ಪ ಗ್ಲೌಸ್ ಕೇಳಿದ. ಮೂರೂ ಸಿಕ್ಕಿತು. ಫೈಟ್ ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದರೆ ಮೂವರು ಜಡ್ಜ್‌ಗಳಲ್ಲಿ ಇಬ್ಬರ ಲೆಕ್ಕದಲ್ಲಿ, ಗೆದ್ದ. ಹ್ಯಾಗ್ಲರ್ ಗೆದ್ದಿದ್ದ ಅಂತ ನಾನು ಸಾಯುವ ತನಕ ಹೇಳುತ್ತೇನೆ, ಅದು ಬೇರೆ ಮಾತು. ಆದರೆ ಅರ್ಧ ಫೈಟ್ ಸಹಿ ಹಾಕುವ ಟೇಬಲ್ ಮೇಲೇ ಮುಗಿದಿತ್ತು.

ಹದಿನೈದು ರೌಂಡು

ಶಂಕ್ರ ಅವರು ಬರೆದದ್ದು ಚೆನ್ನಾಗಿದೆ. ಆದರೆ ನೀವಿಬ್ಬರೂ ಯಾರು ಎಷ್ಟು ಫೇಮಸ್ ಆಗುತ್ತಿದ್ದರು ಅಂತ ಮಾತ್ರ ನೋಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಇವತ್ತಿನ ಮಾರ್ಕೆಟ್‌ಗೆ ಬಂದ ಮೇಲೆ ಅವರು ಅವರಾಗಿಯೇ ಉಳಿಯುತ್ತಿದ್ದರಾ?

ರಾಬಿನ್ಸನ್ ತೆಗೆದುಕೊಳ್ಳಿ. 1943ರ ಫೆಬ್ರವರಿ ತಿಂಗಳಲ್ಲಿ ಏನು ಮಾಡಿದ ನೋಡಿ. 5ನೇ ತಾರೀಕು ಜೇಕ್ ಲಮೋಟಾ ಕೈಯಲ್ಲಿ ಸೋತ, ಅವನ ವೃತ್ತಿಯ ಮೊದಲ ಸೋಲು. 19ಕ್ಕೆ ಜಾಕಿ ವಿಲ್ಸನ್ ಅನ್ನುವ ಒಳ್ಳೆ ಬಾಕ್ಸರ್‌ನನ್ನು ಸೋಲಿಸಿದ. 26ಕ್ಕೆ ಮತ್ತೆ ಲಮೋಟಾ ಎದುರು ನಿಂತು ಗೆದ್ದ. ಮೂರು ವಾರದಲ್ಲಿ ಇಷ್ಟು. ಅದಾದ ಮೇಲೆ ಎಂಟು ವರ್ಷ ಸೋಲಲೇ ಇಲ್ಲ. 1951ರ ಜುಲೈನಲ್ಲಿ ಲಂಡನ್‌ನಲ್ಲಿ ರ‍್ಯಾಂಡಿ ಟರ್ಪಿನ್‌ಗೆ ಸೋತ, ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ 60 ಸಾವಿರಕ್ಕೂ ಜಾಸ್ತಿ ಜನರ ಮುಂದೆ ಟೈಟಲ್ ವಾಪಸ್ ಕಿತ್ತುಕೊಂಡ. ಒಟ್ಟು ಸುಮಾರು 200 ಫೈಟ್. ಒಂದೊಂದು ಫೈಟ್‌ನಲ್ಲೂ ಏನೋ ಕಲಿತ. ಹಿಂದೆ ಹೋಗುತ್ತಲೇ ನಾಕೌಟ್ ಮಾಡುವ ಆ ಕಲೆ ಜಿಮ್‌ನಲ್ಲಿ ಕೂತು ಬರುವಂಥದ್ದಲ್ಲ.

ಈಗ ಅದೇ ರಾಬಿನ್ಸನ್ 2025ರಲ್ಲಿ ಹುಟ್ಟಿಕೊಂಡ ಅಂದುಕೊಳ್ಳಿ. ವರ್ಷಕ್ಕೆ ಎರಡು ಫೈಟ್. ಮೇವೆದರ್ 50-0 ಮಾಡಿದ ಮೇಲೆ ಸೋಲಿಲ್ಲದ ರೆಕಾರ್ಡ್ ಅನ್ನುವುದೇ ಮಾರುವ ಸರಕಾಗಿದೆ, ಆದ್ದರಿಂದ ಲಮೋಟಾ ತರಹದ ಗಟ್ಟಿ ಆಳನ್ನ ನಾಲ್ಕೈದು ವರ್ಷ ದೂರ ಇಡುತ್ತಾರೆ. ಬೇರೆ ಬೇರೆ ಬೆಲ್ಟ್, ಬೇರೆ ಬೇರೆ ಪ್ರಮೋಟರ್, ಬೇರೆ ಬೇರೆ ಚಾನೆಲ್. ಕೊನೆಗೆ ಇಬ್ಬರಿಗೂ 33 ಆದಾಗ "ಶತಮಾನದ ಫೈಟ್" ಅಂತ ಒಂದೇ ಒಂದು ಸಲ ಕೂಡಿಸುತ್ತಾರೆ. ರಾಬಿನ್ಸನ್‌ಗೆ ಕೋಟಿಗಟ್ಟಲೆ ಡಾಲರ್ ಸಿಗುತ್ತದೆ. ನಮಗೆ ಲಮೋಟಾ ಜೊತೆಗಿನ ಆರು ಫೈಟ್‌ಗಳಲ್ಲಿ ಐದು ಸಿಗುವುದಿಲ್ಲ. ಆ ಐದು ಇಲ್ಲದೆ ರಾಬಿನ್ಸನ್ ಎಲ್ಲಿಂದ ಬಂದ?

ಮೇವೆದರ್–ಪ್ಯಾಕಿಯಾವೊ ಆಗಿದ್ದು ಹೀಗೇ ಅಲ್ವಾ. ಜನ 2009ರಿಂದ ಕೇಳಿದರು, ಆಗಿದ್ದು 2015ರ ಮೇನಲ್ಲಿ. 46 ಲಕ್ಷ ಪೇ ಪರ್ ವ್ಯೂ (ಒಂದೊಂದು ಫೈಟ್‌ಗೆ ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವುದು) ಮಾರಾಟ, ದಾಖಲೆ. ಫೈಟ್ ಮಾತ್ರ ಸಪ್ಪೆ.

ದುಡ್ಡಿನ ಬಗ್ಗೆಯೂ ಒಂದು ಮಾತು. ರಾಬಿನ್ಸನ್ ಹತ್ತಿರ ಗುಲಾಬಿ ಬಣ್ಣದ ಕ್ಯಾಡಿಲಾಕ್ ಇತ್ತು, ಹಾರ್ಲೆಮ್‌ನಲ್ಲಿ ಸ್ವಂತ ಕೆಫೆ ಇತ್ತು, ಊರಿಂದೂರಿಗೆ ಕ್ಷೌರಿಕನನ್ನೂ ಸೇರಿಸಿ ಒಂದು ಪಟಾಲಂ ಕರೆದುಕೊಂಡು ಓಡಾಡುತ್ತಿದ್ದ. ಇವತ್ತು ಸೆಲೆಬ್ರಿಟಿಗಳು ಮಾಡುವುದೆಲ್ಲ ಅವನು 1950ರಲ್ಲೇ ಮಾಡಿ ಮುಗಿಸಿದ್ದ. 1965ರಲ್ಲಿ ನಿವೃತ್ತಿ ಆದಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಈಗಿನ ಕಾಲದಲ್ಲಿ ಹಾಗಾಗುತ್ತಿರಲಿಲ್ಲ ಅನ್ನಬೇಡಿ. ಟೈಸನ್ 30 ಕೋಟಿ ಡಾಲರ್‌ಗೂ ಜಾಸ್ತಿ ದುಡಿದು 2003ರಲ್ಲಿ ದಿವಾಳಿ ಅರ್ಜಿ ಹಾಕಿದ. ದುಡ್ಡು ಜಾಸ್ತಿ ಬಂದರೆ ಉಳಿಯುತ್ತದೆ ಅನ್ನುವುದಕ್ಕೆ ಬಾಕ್ಸಿಂಗ್‌ನಲ್ಲಿ ಯಾವ ಆಧಾರವೂ ಇಲ್ಲ.

ಹಳೇ ರೇಡಿಯೋ

ಜೋ ಲೂಯಿಸ್ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ.

1938ರ ಜೂನ್ 22, ಯಾಂಕಿ ಸ್ಟೇಡಿಯಂ, ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಜೊತೆ ಎರಡನೇ ಫೈಟ್. 124 ಸೆಕೆಂಡ್‌ನಲ್ಲಿ ಮುಗಿಯಿತು. ರೇಡಿಯೋದಲ್ಲಿ ಅಮೆರಿಕಾದಲ್ಲೇ ಸುಮಾರು 7 ಕೋಟಿ ಜನ ಕೇಳಿದರು ಅಂತ ಅಂದಾಜು. ಆಗ ಆ ದೇಶದ ಜನಸಂಖ್ಯೆ 13 ಕೋಟಿ ಆಸುಪಾಸು. ಅಂದರೆ ಹೆಚ್ಚುಕಮ್ಮಿ ಅರ್ಧ ದೇಶ ಒಂದೇ ಹೊತ್ತಿಗೆ ಒಂದೇ ಫೈಟ್‌ಗೆ ಕಿವಿ ಕೊಟ್ಟು ಕೂತಿತ್ತು. ಬಿಟ್ಟಿಯಾಗಿ. ಯಾವ ಚಂದಾ ಇಲ್ಲ, ಪಾಸ್‌ವರ್ಡ್ ಇಲ್ಲ. ಬಾಕ್ಸಿಂಗ್ ಬಗ್ಗೆ ಒಂದಕ್ಷರ ಗೊತ್ತಿಲ್ಲದ ಅಜ್ಜಿಯರಿಗೂ ಲೂಯಿಸ್ ಯಾರು ಅಂತ ಗೊತ್ತಿತ್ತು.

ಆಮೇಲೆ ಟಿವಿ ಬಂತು. 1950ರ ದಶಕದಲ್ಲಿ ಜಿಲೆಟ್ ಕಂಪನಿ ಪ್ರಾಯೋಜಿಸಿದ ಶುಕ್ರವಾರ ರಾತ್ರಿಯ ಫೈಟ್ ನೋಡೋಕೆ ಜನ ಮನೆಯಲ್ಲೇ ಕೂತರು, ಊರೂರಿನ ಚಿಕ್ಕ ಬಾಕ್ಸಿಂಗ್ ಕ್ಲಬ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊಸ ಹುಡುಗರು ತಯಾರಾಗುತ್ತಿದ್ದ ಜಾಗವೇ ಹೋಯಿತು. ಆಮೇಲೆ ಕೇಬಲ್ ಬಂತು, ಪೇ ಪರ್ ವ್ಯೂ ಬಂತು. ದುಡ್ಡು ಬೆಳೆಯಿತು, ನೋಡುವವರು ಕಮ್ಮಿ ಆದರು. 46 ಲಕ್ಷ ಮಾರಾಟಕ್ಕೆ ದಾಖಲೆ ಅನ್ನುತ್ತೇವೆ, ಲೂಯಿಸ್ ಪಕ್ಕದಲ್ಲಿ ಇಟ್ಟು ನೋಡಿ. ಕೇಬಲ್ ಚಾನೆಲ್‌ಗಳಲ್ಲಿ 2018ರ ಕೊನೆಗೆ ಎಚ್‌ಬಿಒ ಬಾಕ್ಸಿಂಗ್ ಬಿಟ್ಟಿತು, 2023ಕ್ಕೆ ಶೋಟೈಮ್ ಬಿಟ್ಟಿತು. ಈಗ ನೆಟ್‌ಫ್ಲಿಕ್ಸ್‌ನಿಂದ ಮತ್ತೆ ಕೋಟಿಗಟ್ಟಲೆ ಜನ ವಾಪಸ್ ಬಂದಿದ್ದಾರೆ, ಆದರೆ ವರ್ಷಕ್ಕೆ ಕೆಲವೇ ರಾತ್ರಿ ಮಾತ್ರ. ಲೂಯಿಸ್ 1937ರಿಂದ 1949ರ ತನಕ 25 ಸಲ ಟೈಟಲ್ ಉಳಿಸಿಕೊಂಡ. ಒಬ್ಬ ಚಾಂಪಿಯನ್ ಜನರ ಬದುಕಿನಲ್ಲಿ ಒಂದು ಭಾಗವಾಗಬೇಕಾದರೆ ಅಷ್ಟು ಸಲ ಕಾಣಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಲೂಯಿಸ್ ಮಾತಾಡದೆ ಇದ್ದದ್ದು ಅವನ ಸ್ವಭಾವ ಮಾತ್ರ ಅಲ್ಲ. ಮ್ಯಾನೇಜರ್‌ಗಳೇ ನಿಯಮ ಹಾಕಿದ್ದರು. ಬಿಳಿ ಹೆಂಗಸರ ಜೊತೆ ಫೋಟೋ ಬೇಡ, ಬಿದ್ದ ಎದುರಾಳಿಯ ಮುಂದೆ ಹಿಗ್ಗಬೇಡ, ಕ್ಯಾಮೆರಾ ಮುಂದೆ ಮುಖ ಗಂಭೀರವಾಗಿರಲಿ. ಯಾಕೆ? ಜಾಕ್ ಜಾನ್ಸನ್‌ಗೆ ಆದದ್ದು ಎಲ್ಲರಿಗೂ ನೆನಪಿತ್ತು. ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ, 1910ರ ಜುಲೈ 4ಕ್ಕೆ ರೀನೋದಲ್ಲಿ ಬಿಳಿಯ ಜಿಮ್ ಜೆಫ್ರೀಸ್‌ನನ್ನು ಹೊಡೆದ. ಊರೂರಲ್ಲಿ ಗಲಭೆ ಆಯಿತು, ಜನ ಸತ್ತರು. ಆ ಫೈಟ್‌ನ ಫಿಲ್ಮ್ ತೋರಿಸಬಾರದು ಅಂತ ಎಷ್ಟೋ ನಗರಗಳು ನಿಷೇಧ ಹಾಕಿದವು, 1912ರಲ್ಲಿ ಬಾಕ್ಸಿಂಗ್ ಫಿಲ್ಮ್‌ಗಳನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಅಮೆರಿಕಾ ಕಾನೂನನ್ನೇ ಮಾಡಿತು. ಅವನು ಗೆದ್ದದ್ದು ಜನರ ಕಣ್ಣಿಗೆ ಬೀಳಬಾರದು ಅಂತ!

ಇವತ್ತಿನ ಮಾಧ್ಯಮದ ಬಗ್ಗೆ ನನಗೆ ನೂರು ದೂರು ಇದೆ. ಆದರೆ ಜಾನ್ಸನ್ ಕೈಗೆ ಒಂದು ಮೊಬೈಲ್ ಸಿಕ್ಕಿದ್ದರೆ ಅವನನ್ನ ಮುಚ್ಚಿಡೋಕೆ ಯಾರಿಂದಲೂ ಆಗುತ್ತಿರಲಿಲ್ಲ. ನಗುನಗುತ್ತಾ, ಎದುರಾಳಿಗಳನ್ನು ಮಾತಲ್ಲಿ ಕೆಣಕುತ್ತಾ, ವೇಗವಾಗಿ ಕಾರು ಓಡಿಸುತ್ತಾ ಬದುಕಿದವನು ಅವನು. ಅಲಿಗಿಂತ ಅರ್ಧ ಶತಮಾನ ಮೊದಲು.

ಜ್ಯಾಬ್ ಜಯಣ್ಣ

ಮೂಲ ಪ್ರಶ್ನೆಗೆ ಒಂದು ನೇರ ಉತ್ತರ ಇದೆ. ಹಳೇ ಸ್ಟಾರ್ ಹೊಸ ಮಾರ್ಕೆಟ್‌ಗೆ ಬಂದರೆ ಏನಾಗುತ್ತದೆ ಅಂತ ಊಹೆ ಮಾಡುವ ಅಗತ್ಯವೇ ಇಲ್ಲ. ಜಾರ್ಜ್ ಫೋರ್ಮನ್ ಅದನ್ನ ಮಾಡಿ ತೋರಿಸಿದ್ದಾನೆ.

1973–74ರ ಫೋರ್ಮನ್ ನೆನಪಿಸಿಕೊಳ್ಳಿ. ಗಂಟು ಮುಖ, ಪತ್ರಕರ್ತರು ಕೇಳಿದ್ದಕ್ಕೆ ಒಂದು ಪದ ಉತ್ತರ. ಆಗಿನ ಚಾಂಪಿಯನ್ ಜೋ ಫ್ರೇಜಿಯರ್‌ನನ್ನು ಜಮೈಕಾದಲ್ಲಿ ಆರು ಸಲ ಕೆಡವಿದ. ಆಫ್ರಿಕಾದ ಝೈರೆಗೆ (ಈಗಿನ ಕಾಂಗೊ) ಅಲಿ ಜೊತೆ ಆಡೋಕೆ ಹೋದಾಗ ಜರ್ಮನ್ ಶೆಫರ್ಡ್ ನಾಯಿ ಕರೆದುಕೊಂಡು ಇಳಿದ, ಅಲ್ಲಿಯ ಜನಕ್ಕೆ ಹಿಂದೆ ತಮ್ಮನ್ನು ಆಳಿದ ಬೆಲ್ಜಿಯಂನ ಪೊಲೀಸರ ನಾಯಿಗಳು ನೆನಪಾದವು. ಇಡೀ ರಾಜಧಾನಿ ಕಿನ್ಶಾಸಾ ಅಲಿ ಪರ ನಿಂತಿತು. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಪಾದ್ರಿ ಆದ. ಹತ್ತು ವರ್ಷ ಪತ್ತೆ ಇಲ್ಲ.

1987ರಲ್ಲಿ ವಾಪಸ್ ಬಂದ. ಕೇಬಲ್ ಟಿವಿ ಕಾಲ. ಬೋಳು ತಲೆ, ದೊಡ್ಡ ಹೊಟ್ಟೆ, ಬಾಯ್ತುಂಬ ನಗು, ಬರ್ಗರ್ ಬಗ್ಗೆ ಮಾತು. ಜನ ಹುಚ್ಚೆದ್ದು ಪ್ರೀತಿಸಿದರು. 1994ರ ನವೆಂಬರ್ 5ಕ್ಕೆ, 45ನೇ ವಯಸ್ಸಿನಲ್ಲಿ, ಒಂಬತ್ತು ರೌಂಡ್ ಹೊಡೆತ ತಿಂದು ಹತ್ತನೇ ರೌಂಡ್‌ನಲ್ಲಿ ಒಂದು ಬಲಗೈ ಪಂಚ್‌ಗೆ ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ಚಾಂಪಿಯನ್ ಆದ. 1999ರಲ್ಲಿ ಅವನ ಹೆಸರಲ್ಲಿ ಅಡುಗೆ ಗ್ರಿಲ್ ಮಾರುತ್ತಿದ್ದ ಕಂಪನಿ ಆ ಹೆಸರು ಬಳಸುವ ಹಕ್ಕಿಗೆ 13.75 ಕೋಟಿ ಡಾಲರ್ ಕೊಡಲು ಒಪ್ಪಿತು. ರಿಂಗ್‌ನಲ್ಲಿ ಅಷ್ಟು ದುಡಿದಿರಲಿಲ್ಲ ಅವನು.

ಒಬ್ಬನೇ ಮನುಷ್ಯ, ಎರಡು ಕಾಲ. ಮೊದಲ ಫೋರ್ಮನ್ ಎರಡನೆಯವನಿಗಿಂತ ಎಷ್ಟೋ ಪಾಲು ಭಯಂಕರ ಬಾಕ್ಸರ್. ದುಡ್ಡು, ಪ್ರೀತಿ ಎರಡೂ ಸಿಕ್ಕಿದ್ದು ಎರಡನೆಯವನಿಗೆ. ಅದಕ್ಕೇ ನಾನು ಹೇಳುವುದು, ಲಿಸ್ಟನ್, ಹೋಮ್ಸ್ ತರಹದವರಿಗೆ ಇವತ್ತೂ ಕಷ್ಟವೇ ಆಗುತ್ತಿತ್ತು.

ಹೋಮ್ಸ್ ವಿಷಯ ಹೇಳಬೇಕು, ಹೊಟ್ಟೆ ಉರಿಯುತ್ತದೆ. ಬಾಕ್ಸಿಂಗ್ ಚರಿತ್ರೆಯಲ್ಲೇ ಅತ್ಯುತ್ತಮ ಜ್ಯಾಬ್‌ಗಳಲ್ಲಿ (ಮುಂದಿನ ಕೈಯ ನೇರ ಗುದ್ದು) ಒಂದು ಅವನದು. 48-0 ತನಕ ಹೋದ. ಆದರೂ 1982ರಲ್ಲಿ ಬಿಳಿಯ ಚಾಲೆಂಜರ್ ಜೆರಿ ಕೂನಿ ಜೊತೆ ಫೈಟ್ ಬಂದಾಗ ಟೈಮ್ ಪತ್ರಿಕೆಯ ಮುಖಪುಟದಲ್ಲಿ "ರಾಕಿ" ಸಿನಿಮಾದ ಸಿಲ್ವೆಸ್ಟರ್ ಸ್ಟಲೋನ್ ಪಕ್ಕ ನಿಂತಿದ್ದು ಕೂನಿ. ರಿಂಗ್‌ನಲ್ಲಿ ಹೆಸರು ಕೂಗುವಾಗ ಚಾಂಪಿಯನ್ ಹೆಸರು ಕೊನೆಗೆ ಬರಬೇಕು ಅನ್ನುವುದು ಪದ್ಧತಿ. ಆವತ್ತು ಕೊನೆಗೆ ಕೂಗಿದ್ದು ಕೂನಿ ಹೆಸರನ್ನ. ಚಾಂಪಿಯನ್‌ಗೆ ಅವನ ಫೈಟ್‌ನಲ್ಲೇ ಎರಡನೇ ಜಾಗ. ಹೋಮ್ಸ್ 13ನೇ ರೌಂಡ್‌ನಲ್ಲಿ ಕೂನಿಯನ್ನು ಮುಗಿಸಿದ. ಅಲಿ ಆದಮೇಲೆ ಬಂದದ್ದೇ ಅವನ ದುರದೃಷ್ಟ, ಆ ನೆರಳು ಇವತ್ತಿನ ಮಾರ್ಕೆಟ್‌ನಲ್ಲಿ ಇನ್ನೂ ದೊಡ್ಡದಾಗಿ ಬೀಳುತ್ತಿತ್ತು. ದಿನಾ ಬೆಳಗ್ಗೆ ಎದ್ದರೆ ಅಲಿ ಕ್ಲಿಪ್, ಕೆಳಗಡೆ ಹೋಮ್ಸ್‌ಗೆ ಬೈಗುಳ.

ಸೌತ್‌ಪಾ ಶಂಕ್ರ

ಜಯಣ್ಣ ಅವರೇ, ಫೋರ್ಮನ್ ಉದಾಹರಣೆ ಭರ್ಜರಿ. ಆದರೆ ಅದರಿಂದ ನಗುವವರಿಗೆ ಮಾತ್ರ ಜಾಗ ಅಂತ ತೀರ್ಮಾನಕ್ಕೆ ಬರಬೇಡಿ. ಜಪಾನಿನ ನಾವೊಯಾ ಇನೊಯೆ ನೋಡಿ. ಬೈಯುವುದಿಲ್ಲ, ಕುಣಿಯುವುದಿಲ್ಲ. 2024ರ ಮೇನಲ್ಲಿ ಟೋಕಿಯೋ ಡೋಮ್ ತುಂಬಿಸಿದ, ಮೊದಲ ರೌಂಡ್‌ನಲ್ಲೇ ಬಿದ್ದು ಎದ್ದು ಎದುರಾಳಿ ಲೂಯಿಸ್ ನೆರಿಯನ್ನು ಆರನೇ ರೌಂಡ್‌ನಲ್ಲಿ ಮುಗಿಸಿದ. ಅವನ ದೇಶದವರಿಗೆ ಕೆಲಸ ಸಾಕು, ಗಲಾಟೆ ಬೇಡ. ಕ್ರಾಫರ್ಡ್ ಕೂಡ ಅಷ್ಟೇ. 2008ರಲ್ಲಿ ಪ್ರೊ ಆದವನು, 2023ರಲ್ಲಿ ಇನ್ನೊಬ್ಬ ಚಾಂಪಿಯನ್ ಎರಾಲ್ ಸ್ಪೆನ್ಸ್‌ನನ್ನು ಹೊಡೆಯುವ ತನಕ ಬಾಕ್ಸಿಂಗ್ ಹುಚ್ಚಿರುವ ನಮ್ಮಂಥವರಿಗೆ ಬಿಟ್ಟರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಹದಿನೈದು ವರ್ಷ ಕಾದ. ಮಾತಾಡದವರಿಗೆ ದಾರಿ ಇದೆ, ಉದ್ದ ಜಾಸ್ತಿ ಅಷ್ಟೇ.

ಬರೀ ವೇಷ ನಂಬಿದವರ ಗತಿಯೂ ನೋಡಿದ್ದೇವಲ್ಲ. ಬ್ರಿಟನ್‌ನ ನಸೀಮ್ ಹಮೀದ್ ರಿಂಗ್‌ಗೆ ಬರುತ್ತಿದ್ದದ್ದೇ ಒಂದು ಜಾತ್ರೆ, ಒಂದು ಸಲ ಹಾರುವ ಚಾಪೆ ಮೇಲೆ ಬಂದ. ರೀಲ್ಸ್ ಕಾಲಕ್ಕೆ ಹೇಳಿ ಮಾಡಿಸಿದವನು, ಹೊಡೆತದಲ್ಲೂ ನಿಜವಾದ ತಾಕತ್ತು ಇತ್ತು. 2001ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಮಾರ್ಕೊ ಆಂಟೋನಿಯೊ ಬರೇರಾ ಅವನನ್ನ ಹನ್ನೆರಡು ರೌಂಡ್ ಪಾಠ ಮಾಡಿ ಕಳಿಸಿದ. ಅದಾದ ಮೇಲೆ ಹಮೀದ್ ಆಡಿದ್ದು ಇನ್ನೊಂದೇ ಫೈಟ್.

ಪೈಲಾ ಪಂಚ್

ಹೆಂಗಸರನ್ನ ಎಲ್ಲರೂ ಮರೆತಿದ್ದೀರಿ. 1996ರ ಮಾರ್ಚ್‌ನಲ್ಲಿ ಟೈಸನ್–ಬ್ರೂನೊ ಫೈಟ್‌ಗೆ ಮುಂಚೆ ಕ್ರಿಸ್ಟಿ ಮಾರ್ಟಿನ್ ಮತ್ತು ಡೀರ್ಡ್ರೆ ಗೊಗಾರ್ಟಿ ಆಡಿದರು. ಮಾರ್ಟಿನ್ ಮೂಗಿಂದ ರಕ್ತ ಸುರಿಯುತ್ತಿತ್ತು, ಆದರೂ ನುಗ್ಗುತ್ತಲೇ ಇದ್ದಳು. ಟೈಸನ್ ಮೂರು ರೌಂಡ್‌ನಲ್ಲಿ ಮುಗಿಸಿದ. ಮರುದಿನ ಜನ ಮಾತಾಡಿದ್ದು ಮಾರ್ಟಿನ್ ಬಗ್ಗೆ, ಮುಂದಿನ ತಿಂಗಳು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಮುಖಪುಟದಲ್ಲೂ ಅವಳೇ.

2024ರ ನವೆಂಬರ್. ಮತ್ತೆ ಟೈಸನ್ ಫೈಟ್‌ಗೆ ಮುಂಚೆ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ. ಸೆರಾನೊ ಕಣ್ಣಿನ ಮೇಲೆ ಭಯಾನಕ ಗಾಯ, ಹತ್ತು ರೌಂಡ್ ಬೆಂಕಿ. ಆವತ್ತು ರಾತ್ರಿಯ ನಿಜವಾದ ಫೈಟ್ ಅದೇ. 28 ವರ್ಷ ಆದರೂ ಹೆಂಗಸರ ಒಳ್ಳೆ ಫೈಟ್ ಕೋಟಿಗಟ್ಟಲೆ ಜನಕ್ಕೆ ತಲುಪಿದ್ದು ಟೈಸನ್ ಹೆಸರಿನ ಬಾಗಿಲಿಂದಲೇ. ವ್ಯತ್ಯಾಸ ಆಗಿರುವುದು ಅದರ ನಂತರ. 2025ರ ಜುಲೈನಲ್ಲಿ ಅವರಿಬ್ಬರ ಮೂರನೇ ಫೈಟ್ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಖ್ಯ ಫೈಟ್ ಆಗಿ ನಡೆಯಿತು, ಅದೂ ನೆಟ್‌ಫ್ಲಿಕ್ಸ್‌ನಲ್ಲೇ. ಮಾರ್ಟಿನ್‌ಗೆ ಆಗ ಅಂಥ ಎದುರಾಳಿಯೂ ಇರಲಿಲ್ಲ, ಅಂಥ ರಾತ್ರಿಯೂ ಸಿಗಲಿಲ್ಲ. ಇವತ್ತು ಇದ್ದಿದ್ದರೆ ಜಾಸ್ತಿ ಲಾಭ ಆಗುತ್ತಿದ್ದದ್ದು ಅವಳಿಗೇ ಅಂತ ನನ್ನ ನಂಬಿಕೆ.

ಹದಿನೈದು ರೌಂಡು

ಪೈಲಾ ಪಂಚ್ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಹಳಬರಿಗೆ ಪ್ರಚಾರ ಗೊತ್ತಿರಲಿಲ್ಲ ಅನ್ನುವವರಿಗೆ ಆರ್ಚಿ ಮೂರ್ ಕಥೆ ಹೇಳಬೇಕು. 1930ರ ದಶಕದಲ್ಲಿ ಶುರು ಮಾಡಿದವನು, ಟೈಟಲ್ ಚಾನ್ಸ್ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ. ಯಾರೂ ಕರೆಯಲ್ಲ ಅಂತ ಗೊತ್ತಾದಾಗ ಕೂತು ಅಮೆರಿಕಾದ ಕ್ರೀಡಾ ಪತ್ರಕರ್ತರಿಗೆ ಕಾಗದ ಬರೆದ. ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಜೊತೆ ಫೈಟ್ ಬೇಕು ಅಂತ, ಕಳ್ಳರನ್ನ ಹುಡುಕುವಾಗ ಹಾಕುವ ತರಹದ ಪೋಸ್ಟರ್ ಮಾಡಿಸಿದ. 1955ರಲ್ಲಿ ಫೈಟ್ ಸಿಕ್ಕೇಬಿಟ್ಟಿತು, ಎರಡನೇ ರೌಂಡ್‌ನಲ್ಲಿ ಮಾರ್ಸಿಯಾನೊನನ್ನು ಕೆಡವಿದ, ಒಂಬತ್ತರಲ್ಲಿ ಸೋತ. ಅಂಚೆಯಲ್ಲಿ ಮಾಡಿದ ಪ್ರಚಾರ ಇದು. ಈ ಮನುಷ್ಯನಿಗೆ ಒಂದು ಅಕೌಂಟ್ ಸಿಕ್ಕಿದ್ದರೆ ಹದಿನೈದು ವರ್ಷ ಕಾಯುತ್ತಿದ್ದನಾ?

ಕಟ್‌ಮ್ಯಾನ್

ಅಲಿ ಬಗ್ಗೆ ಬೇಡ ಅಂದಿರಿ. ಆದರೂ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅಲಿಗೆ ಇವತ್ತು ಎಲ್ಲ ಸುಲಭ ಇರುತ್ತಿತ್ತು ಅನ್ನುವುದೇ ನನಗೆ ಒಪ್ಪಿಗೆ ಆಗದ ಮಾತು.

ಬಡಾಯಿ ಕೊಚ್ಚಿದರೆ ಟಿಕೆಟ್ ಮಾರಾಟವಾಗುತ್ತದೆ ಅಂತ ಅಲಿ 1961ರಲ್ಲಿ ಗಾರ್ಜಿಯಸ್ ಜಾರ್ಜ್ ಅನ್ನುವ ಕುಸ್ತಿಪಟುವಿನಿಂದ ಕಲಿತ. ಆಗ ಹಾಗೆ ಮಾತಾಡುವ ಬಾಕ್ಸರ್ ಅವನೊಬ್ಬನೇ. ಇವತ್ತು ನಾಲ್ಕು ಫೈಟ್ ಆಡಿದ ಹುಡುಗನೂ ಮೈಕ್ ಸಿಕ್ಕರೆ ಅದನ್ನೇ ಮಾಡುತ್ತಾನೆ. ಆ ಗದ್ದಲದ ಮಧ್ಯೆ ಅಲಿ ದನಿ ಅಷ್ಟು ಸಲೀಸಾಗಿ ಮೇಲೆ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಅವನನ್ನ ಅಲಿ ಮಾಡಿದ್ದು ಮಾತಿನ ಹಿಂದೆ ಇದ್ದ ತೂಕ. 1967ರ ಏಪ್ರಿಲ್ 28ಕ್ಕೆ ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲ್ಲ ಅಂದ. ಟೈಟಲ್ ಹೋಯಿತು, ಲೈಸೆನ್ಸ್ ಹೋಯಿತು, 25ರಿಂದ 28ರ ತನಕ, ಮೈಯಲ್ಲಿ ಕಸುವು ತುಂಬಿದ್ದ ಕಾಲದಲ್ಲಿ, ಒಂದು ಫೈಟ್ ಇಲ್ಲ. ಪ್ರಾಯೋಜಕರನ್ನೇ ನಂಬಿಕೊಂಡ ಇವತ್ತಿನ ಸ್ಟಾರ್ ಒಬ್ಬ ಮೂರೂವರೆ ವರ್ಷದ ಸಂಪಾದನೆ ಬಿಟ್ಟು ಹಾಗೆ ನಿಲ್ಲುತ್ತಾನಾ? ಎಷ್ಟು ಯೋಚಿಸಿದರೂ ನನಗೆ ಯಾರ ಹೆಸರೂ ಹೊಳೆಯುವುದಿಲ್ಲ.

ಫ್ರೇಜಿಯರ್ ನೆನಪಾದರೆ ಇನ್ನೂ ಸಂಕಟ. ಅಲಿ ಹೊರಗಿದ್ದಾಗ ಅವನಿಗೆ ಲೈಸೆನ್ಸ್ ವಾಪಸ್ ಸಿಗಲಿ ಅಂತ ಮಾತಾಡಿದವನು, ಕೈಗೆ ದುಡ್ಡು ಕೊಟ್ಟವನು ಫ್ರೇಜಿಯರ್. ಅವನನ್ನೇ ಅಲಿ ಬಿಳಿಯರ ಗುಲಾಮ ಅಂದ, ಗೊರಿಲ್ಲಾ ಅಂದ, 1975ರ ಮನಿಲಾ ಫೈಟ್‌ಗೆ ಮುಂಚೆ ರಬ್ಬರ್ ಗೊರಿಲ್ಲಾ ಗೊಂಬೆ ಹಿಡಿದು ಕ್ಯಾಮೆರಾ ಮುಂದೆ ಗುದ್ದಿದ. ಫ್ರೇಜಿಯರ್ ಆ ನೋವನ್ನ ಹತ್ತಾರು ವರ್ಷ ಹೊತ್ತುಕೊಂಡು ತಿರುಗಿದ. ಆಗ ಅದು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತಿತ್ತು. ಇವತ್ತಾಗಿದ್ದರೆ ಗಂಟೆಗೊಂದು ಮೀಮ್, ಅವನ ಮಕ್ಕಳ ಫೋನಿಗೂ. ಬಾಯಿ ಇದ್ದವನಿಗೆ ಇಂಟರ್ನೆಟ್ ಏನು ಕೊಡುತ್ತಿತ್ತು ಅಂತ ಎಲ್ಲರೂ ಕೇಳುತ್ತಾರೆ, ಎದುರು ನಿಂತವನಿಂದ ಏನು ಕಿತ್ತುಕೊಳ್ಳುತ್ತಿತ್ತು ಅಂತ ಕೇಳುವವರು ಕಮ್ಮಿ.

ರಿಂಗ್‌ಸೈಡ್ ಸೀಟು

ಎಲ್ಲರಿಗೂ ಧನ್ಯವಾದ, ಇಷ್ಟು ಒಳ್ಳೆ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಹದಿನೈದು ರೌಂಡು ಅವರ ಮಾತಿಗೆ ಒಂದು ಪ್ರಶ್ನೆ ಇದೆ. ವರ್ಷಕ್ಕೆ ಹತ್ತು ಹದಿನೈದು ಫೈಟ್ ಆಡಿದ್ದಕ್ಕೇ ರಾಬಿನ್ಸನ್ ರಾಬಿನ್ಸನ್ ಆದ, ಒಪ್ಪುತ್ತೇನೆ. ಆದರೆ ಅದಕ್ಕೆ ಅವರು ಕೊಟ್ಟ ಬೆಲೆ? ರಾಬಿನ್ಸನ್‌ಗೆ ಕೊನೆಗಾಲದಲ್ಲಿ ಅಲ್ಜೈಮರ್ಸ್ ಬಂತು. ಹ್ಯಾರಿ ಗ್ರೆಬ್ ಸುಮಾರು 300 ಫೈಟ್ ಆಡಿದ, 1919 ಒಂದೇ ವರ್ಷದಲ್ಲಿ 40ಕ್ಕೂ ಜಾಸ್ತಿ, ಒಂದು ಕಣ್ಣು ಕಾಣದೆ ಇದ್ದರೂ ಗುಟ್ಟಾಗಿ ವರ್ಷಗಟ್ಟಲೆ ಆಡಿದ. ಈಗಾದರೆ ಫೈಟ್ ಕಮ್ಮಿ, 12 ರೌಂಡ್, ಸ್ಕ್ಯಾನಿಂಗ್, ಕಣ್ಣಿನ ಪರೀಕ್ಷೆ. ಅಷ್ಟರಮಟ್ಟಿಗೆ ಅವರಿಗೆ ಈ ಕಾಲವೇ ವಾಸಿ ಅಲ್ವಾ?

ಕಟ್‌ಮ್ಯಾನ್

ಗ್ರೆಬ್‌ಗೆ ಇವತ್ತು ಲೈಸೆನ್ಸೇ ಸಿಗುತ್ತಿರಲಿಲ್ಲ, ಅದು ನಿಜ. ಫೈಟ್ ಕಮ್ಮಿ ಆಗಿರುವುದು ಮೆದುಳಿಗೆ ಒಳ್ಳೆಯದು, ಅದೂ ನಿಜ. ಆದರೆ ಪರೀಕ್ಷೆ ಇದೆ ಅಂದಮಾತ್ರಕ್ಕೆ ಮಾರ್ಕೆಟ್ ಸುಮ್ಮನಿರುತ್ತದೆ ಅಂತ ನಂಬಬೇಡಿ.

1980ರ ಅಕ್ಟೋಬರ್‌ನಲ್ಲಿ ಅಲಿಗೆ 38. ಫೈಟ್‌ಗೆ ಮುಂಚೆಯೇ ಮಾತು ತೊದಲುತ್ತಿದೆ ಅಂತ ಜನ ಹೇಳುತ್ತಿದ್ದರು. ಮೇಯೋ ಕ್ಲಿನಿಕ್‌ನಲ್ಲಿ ಪರೀಕ್ಷೆ ಆಯಿತು, ನೆವಾಡಾ ಲೈಸೆನ್ಸ್ ಕೊಟ್ಟಿತು. ಹೋಮ್ಸ್ ಹತ್ತು ರೌಂಡ್ ಹೊಡೆದ, ಹೊಡೆಯುತ್ತಲೇ ರೆಫರಿ ಕಡೆ ನೋಡುತ್ತಿದ್ದ, ಮುಗಿದ ಮೇಲೆ ಅತ್ತ. ಅಲಿಯ ಟ್ರೇನರ್ ಆಂಜೆಲೊ ಡಂಡಿ ನಿಲ್ಲಿಸದೆ ಇದ್ದಿದ್ದರೆ ಇನ್ನೂ ಐದು ರೌಂಡ್ ಬಾಕಿ ಇತ್ತು. ಅಷ್ಟಾದರೂ ಮರುವರ್ಷ ಡಿಸೆಂಬರ್‌ನಲ್ಲಿ ಬಹಾಮಾಸ್‌ಗೆ ಕರೆದುಕೊಂಡು ಹೋಗಿ ಟ್ರೆವರ್ ಬರ್ಬಿಕ್ ಅನ್ನುವ ಬಾಕ್ಸರ್ ಜೊತೆ ಇನ್ನೊಂದು ಆಡಿಸಿದರು.

ಈಗ 2024ಕ್ಕೆ ಬನ್ನಿ. ಟೈಸನ್–ಪಾಲ್ ಫೈಟ್ ಮೊದಲು ಜುಲೈನಲ್ಲಿ ಇತ್ತು. ಟೈಸನ್‌ಗೆ ಹೊಟ್ಟೆ ಹುಣ್ಣು ಕೆರಳಿ ವಿಮಾನದಲ್ಲೇ ಹುಷಾರು ತಪ್ಪಿತು, ನವೆಂಬರ್‌ಗೆ ಹೋಯಿತು. ಟೆಕ್ಸಾಸ್ ಅದನ್ನ ಪ್ರದರ್ಶನ ಪಂದ್ಯ ಅಂತಲೂ ಮಾಡಲಿಲ್ಲ, ರೆಕಾರ್ಡ್‌ಗೆ ಸೇರುವ ಪ್ರೊ ಫೈಟ್ ಅಂತಲೇ ಒಪ್ಪಿಗೆ ಕೊಟ್ಟಿತು. 58 ವರ್ಷದವನಿಗೆ. ಯಾಕೆಂದರೆ ಹೆಸರು ಟೈಸನ್, ಸ್ಟೇಡಿಯಂನಲ್ಲಿ 70 ಸಾವಿರ ಜನ. ಹಳೇ ಸ್ಟಾರ್‌ಗಳು ಈ ಕಾಲದಲ್ಲಿ ಹುಟ್ಟಿದ್ದರೆ ಸಣ್ಣ ವಯಸ್ಸಲ್ಲಿ ಕಮ್ಮಿ ಏಟು ತಿನ್ನುತ್ತಿದ್ದರು, ಸರಿ. ವಯಸ್ಸಾದ ಮೇಲೆ ಅವರನ್ನ ಮನೆಯಲ್ಲಿ ಕೂರೋಕೆ ಬಿಡುತ್ತಿದ್ದರಾ ಅನ್ನುವುದು ನನ್ನ ಪ್ರಶ್ನೆ. ಫೋರ್ಮನ್‌ಗೆ ಫೋನ್ ಹೋಗುತ್ತಿತ್ತು, ಹೋಮ್ಸ್‌ಗೂ ಹೋಗುತ್ತಿತ್ತು. ಹ್ಯಾಗ್ಲರ್ ಒಬ್ಬನೇ ಬರಲ್ಲ ಅನ್ನುತ್ತಿದ್ದ. 1987ರ ಆಮೇಲೆ ಲೆನಾರ್ಡ್ ಮರುಪಂದ್ಯಕ್ಕೆ ಕರೆದಾಗಲೂ ಒಪ್ಪದೆ ಇಟಲಿಯಲ್ಲಿ ಬೇರೆ ಬದುಕು ಕಟ್ಟಿಕೊಂಡವನು, ಸಾಯುವ ತನಕ ರಿಂಗ್‌ಗೆ ವಾಪಸ್ ಬರಲೇ ಇಲ್ಲ.